ಈರಪ್ಪನ ಬಲಗೈ

ಗೊಟ್ಟಿಗೆರೆ ಹಳೇ ಊರಿನ ಮುನಿಯಕ್ಕನ ಹೆಸರು ಜಯನಗರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳ ದನಿ ಮಾತ್ರ. ಬೆಳಗಿನ ತಿಂಡಿಯ ಹೊತ್ತು ಕಳೆದು ಬೀದಿ ಕೊಂಚ ಸುಮ್ಮನಾದ ಮೇಲೆ, "ಕಲ್ಲು ಕುಟ್ಟೋದೂ… ಒಳ್ಳುಕಲ್ಲು ಕುಟ್ಟೋದೂ…" ಎಂಬ ಕೂಗು ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ತಿರುಗುತ್ತಿತ್ತು. ರುಬ್ಬಿ ರುಬ್ಬಿ ನುಣುಪಾದ ಒರಳಿನಲ್ಲಿ ಅಕ್ಕಿ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಅಂಥ ಒರಳಿನ ಮುಂದೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಚಾಣ ಸುತ್ತಿಗೆ ಹಿಡಿದು, ಒಳಮೈಗೆಲ್ಲ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಚ್ಚು ಹಾಕಿಕೊಡುವುದು ಅವಳ ಕೆಲಸ. ನಾಲ್ಕನೇ ಬ್ಲಾಕಿನಿಂದ ಬನಶಂಕರಿ ಎರಡನೇ ಸ್ಟೇಜಿನವರೆಗೆ ಅವಳು ಕಚ್ಚು ಹಾಕದ ಒರಳು ಇರಲಿಲ್ಲ ಎಂದರೂ ನಡೆಯುತ್ತದೆ. ಮಿಕ್ಸಿ ಬಂದ ಮೇಲೆ ಮನೆಯ ಕೆಲಸ ಕಡಿಮೆಯಾಯಿತು. ಆದರೆ ಹೋಟೆಲಿನ ದೊಡ್ಡ ಗ್ರೈಂಡರಿನ ಹೊಟ್ಟೆಯಲ್ಲಿರುವುದೂ ಕಲ್ಲೇ ತಾನೆ. ಅರವತ್ತೆರಡು ತುಂಬಿದ ಮೇಲೂ ಜೆ.ಪಿ. ನಗರದ ಮೂರು ದರ್ಶಿನಿಗಳು ಅವಳನ್ನೇ ಕರೆಯುತ್ತಿದ್ದವು.

ಅವಳ ತವರು ಬಂಡೆ ಕೆಲಸದವರ ಮನೆ. ಕಲ್ಲಿನ ಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು, "ಇದು ಒಳಗೆ ಬಿಟ್ಟೈತೆ, ಕುಟ್ಟಿದ್ರೆ ಒಡೀತದೆ, ಬೇಡ ಕಣವ್ವ" ಎಂದು ಹೇಳಿ ಎದ್ದುಬಿಡುತ್ತಿದ್ದಳು. ಆ ಮಾತು ಸುಳ್ಳಾದದ್ದನ್ನು ಯಾರೂ ಕಂಡಿಲ್ಲ.

ಇಂಥ ಹೆಂಗಸು ನಲವತ್ತೆರಡು ವರ್ಷ ಒಂದೇ ಒಂದು ಕಲ್ಲಿಗೆ ಹೆದರಿ ಬದುಕಿದಳು.

ಆ ಕಲ್ಲು ಅವಳ ಬೀದಿಯ ಮೂಲೆಯಲ್ಲೇ ಇತ್ತು. ಊರಿನವರು ಈರಪ್ಪ ಎಂದು ಕರೆಯುವ ವೀರಗಲ್ಲು. ಆಳೆತ್ತರದ ಚಪ್ಪಡಿಯ ಮೇಲೆ, ಬಲಗೈಯಲ್ಲಿ ಕತ್ತಿ ಎತ್ತಿ ನಿಂತ ಒಬ್ಬ ಆಳು. ಯಾವ ಕಾಲದವನೋ, ಯಾರೊಡನೆ ಕಾದಾಡಿದನೋ, ಬರಹವೇನೂ ಇರಲಿಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತವನು ಎಂದು ಹಿರಿಯರು ಹೇಳುತ್ತಿದ್ದರು. ಅಷ್ಟೇ ಗೊತ್ತಿದ್ದದ್ದು.

ಮುನಿಯಕ್ಕ ಮದುವೆಯಾಗಿ ಬಂದ ಮೊದಲ ಯುಗಾದಿಗೆ ಎರಡು ದಿನ ಇತ್ತು. ಈರಪ್ಪನಿಗೆ ಪೂಜೆ ಮಾಡುತ್ತಿದ್ದ ಬೋರಯ್ಯ ಎಂಬ ಹಿರಿಯರು ಮನೆಯ ಮುಂದೆ ಬಂದು, "ಏನವ್ವ ಸೊಸೆ, ನಿನ್ನ ಕೈ ಹಗುರ ಅಂತಾರೆ. ಈರಪ್ಪನ ಮೈಮೇಲೆ ಎಣ್ಣೆ ಜಿಡ್ಡು ಒಂದು ಬೆರಳು ದಪ್ಪ ಕೂತೈತೆ. ಮೆತ್ತಗೆ ಎಬ್ಬಿಸಿಕೊಡು" ಎಂದರು. ಹೊಸ ಸೊಸೆಗೆ ಅದು ದೊಡ್ಡ ಮರ್ಯಾದೆ. ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಒಬ್ಬಳೇ ಹೋಗಿ ಕೂತಳು. ಮುಖ ಆಯಿತು, ಎದೆ ಆಯಿತು. ಎತ್ತಿದ ಕೈಯ ಹತ್ತಿರ ಜಿಡ್ಡು ಗಟ್ಟಿಯಾಗಿತ್ತು. ಚಾಣ ಇಟ್ಟು ಒಂದು ಪೆಟ್ಟು ಕೊಟ್ಟಳು. ಚಪ್ಪಡಿಯ ಆ ಮೂಲೆ, ಕತ್ತಿ ಹಿಡಿದ ಮುಂಗೈ ಸಮೇತ, ಕಳಚಿ ಅವಳ ಮಡಿಲಿಗೆ ಬಿತ್ತು.

ಆ ಗಳಿಗೆ ಅವಳಿಗೆ ಸಾಯುವವರೆಗೆ ಮರೆಯುವಂಥದ್ದಲ್ಲ. ಹದಿನೆಂಟು, ಹತ್ತೊಂಬತ್ತರ ಹುಡುಗಿ. ಬಂದು ಆರು ತಿಂಗಳಾಗಿಲ್ಲ. ಊರ ದೇವರ ಕೈ ಮಡಿಲಲ್ಲಿ. ಮನೆಗೆ ಓಡಿ, ಒಲೆಯ ಮೇಲೆ ಅರಗು ಕರಗಿಸಿ, ಕಲ್ಲಿನ ಪುಡಿ ಬೆರೆಸಿ, ಸೆರಗಿನಲ್ಲಿ ಮುಚ್ಚಿ ತಂದು, ಕಣ್ಣೀರು ಒರೆಸಿಕೊಳ್ಳುತ್ತಲೇ ಮೂಲೆಯನ್ನು ಕೂರಿಸಿದಳು. ಮೇಲೆ ಎಣ್ಣೆ, ಅರಿಶಿನ, ಕುಂಕುಮ. ಯುಗಾದಿ ದಿನ ಬೋರಯ್ಯ ನೋಡಿ, "ಚೆನ್ನಾಗಿ ಮಾಡಿದೀಯ" ಎಂದರು. ಅವಳು ತಲೆಯೆತ್ತಲಿಲ್ಲ.

ಅಷ್ಟರಲ್ಲೇ ಮುಗಿದಿದ್ದರೆ ಮರೆತೂ ಹೋಗುತ್ತಿತ್ತೇನೋ. ಅದೇ ವರ್ಷ ಶ್ರಾವಣದಲ್ಲಿ, ಬಂಡೆಯ ಕೆಲಸದಲ್ಲಿ ಅವಳ ಗಂಡ ಬೈರಣ್ಣನ ಬಲಗೈ ಮೇಲೆ ಚಪ್ಪಡಿ ಜಾರಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಹೋದವು.

ಬಲಗೈ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮುನಿಯಕ್ಕ ಅದೊಂದೇ ಮಾತನ್ನು ನುಂಗಿಕೊಂಡಳು. ಈರಪ್ಪ ತನ್ನ ಕೈಗೆ ಕೈ ಕೇಳಿದ್ದಾನೆ. ಯಾರಿಗೂ ಹೇಳಲಿಲ್ಲ. ಗಂಡನಿಗಂತೂ ಹೇಳುವ ಮಾತೇ ಇಲ್ಲ. ಅವನ ದುಡಿಮೆ ನಿಂತದ್ದರಿಂದಲೇ ಅವಳು ಚಾಣ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಜಯನಗರದ ಬಸ್ಸು ಹತ್ತಿದ್ದು. ಮಗಳು ಬಿಂದುಶ್ರೀ ಹುಟ್ಟಿದಳು, ಓದಿದಳು, ನರ್ಸಾಗಿ ಕತ್ರಿಗುಪ್ಪೆಯಲ್ಲಿ ಸಂಸಾರ ಹೂಡಿದಳು. ಬೈರಣ್ಣ ಎಡಗೈಯಲ್ಲಿ ಅಡುಗೆ ಕಲಿತ, ಎಮ್ಮೆ ಸಾಕಿದ, ಬೀದಿಯವರೊಡನೆ ನಗುನಗುತ್ತಲೇ ಇದ್ದ. ಅವನು ನಕ್ಕಾಗಲೆಲ್ಲ ಮುನಿಯಕ್ಕನಿಗೆ ಒಳಗೆ ಏನೋ ಚುಚ್ಚುತ್ತಿತ್ತು. ದಿನಾ ಬೆಳಿಗ್ಗೆ ಈರಪ್ಪನಿಗೆ ಒಂದು ಚೊಂಬು ನೀರು ಹಾಕಿ, ಬಲಗಡೆ ಕಣ್ಣು ಹಾಯಿಸದೆ ಬರುತ್ತಿದ್ದಳು.

ಬೋರಯ್ಯ ಹೋದರು. ಬೀದಿಗೆ ಕಾಂಕ್ರೀಟು ಬಂತು, ಡಾಂಬರು ಬಂತು, ಅದರ ಮೇಲೆ ಇನ್ನೊಂದು ಡಾಂಬರು. ರಸ್ತೆ ಏರಿದಷ್ಟೂ ಈರಪ್ಪ ಇಳಿದ. ಕೊನೆಗೆ ಮಂಡಿಯವರೆಗೆ ಹೂತುಹೋದ. ಬೀದಿಯ ಸಮಿತಿಯವರು ಭಕ್ತಿಯಿಂದ ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿದರು: ಮೈಗೆ ಗುಲಾಬಿ, ಮೀಸೆಗೆ ಕಪ್ಪು, ಕತ್ತಿಗೆ ಬೆಳ್ಳಿ ಬಣ್ಣ. ಬಣ್ಣ ದಪ್ಪವಾದಷ್ಟೂ ಮುನಿಯಕ್ಕನಿಗೆ ಒಳಗೊಳಗೇ ಸಮಾಧಾನ. ಬೆಸುಗೆ ಇನ್ನಷ್ಟು ಒಳಗೆ ಹೋಯಿತಲ್ಲ.

ಹೋದ ವರ್ಷ ಚರಂಡಿ ಕೆಲಸಕ್ಕೆಂದು ಬೀದಿ ಅಗೆದರು. ಈರಪ್ಪನನ್ನು ಪಕ್ಕಕ್ಕೆ ಸರಿಸಲೇಬೇಕು ಎಂದಾಯಿತು. ಸಮಿತಿಯ ಕಾರ್ಯದರ್ಶಿ ಪ್ರಸನ್ನ, ಹಾರ್ಡ್‌ವೇರ್ ಅಂಗಡಿಯವನು, ಒಳ್ಳೆಯ ಮನುಷ್ಯನೇ, ಎಲ್ಲರನ್ನೂ ಸೇರಿಸಿ ಹೇಳಿದ: "ಎತ್ತಿ ಕಟ್ಟೆ ಮೇಲೆ ಕೂರಿಸೋಣ. ಹಂಗೇ ಒಂದು ಸಲ ಮಿಷಿನ್ ಹೊಡಿಸಿ ಪಾಲಿಶ್ ಮಾಡ್ಸಿಬಿಡೋಣ. ಮೂಗು ಕಣ್ಣು ಸವೆದೋಗಿದೆ, ಅದನ್ನೂ ಹೊಸದಾಗಿ ತಿದ್ದಿಸಿದ್ರೆ ಫ್ರೆಶ್ ಆಗಿ ಕಾಣತ್ತೆ."

ಆ ವಾರವೇ ಸೀತಾಲಕ್ಷ್ಮಿ ಬಂದರು. ಜಯನಗರದವರು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಒಂದು ಟೋಪಿ, ಒಂದು ಚೀಲ, ಭೂತಗನ್ನಡಿ. ಬೆಂಗಳೂರಿನ ಸುತ್ತಲಿನ ಹಳೇ ಕಲ್ಲುಗಳನ್ನು ನೋಡಿ ಬರೆದಿಟ್ಟುಕೊಳ್ಳುವುದು ಅವರ ಈಗಿನ ಹವ್ಯಾಸ. ಅಗೆತದ ಸುದ್ದಿ ಕೇಳಿ ಬಸ್ಸಿನಲ್ಲಿ ಬಂದಿದ್ದರು. ಮಿಷಿನ್ ಎಂದ ಕೂಡಲೇ ಅಲ್ಲೇ ಇದ್ದ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು.

"ಪ್ರಸನ್ನ ಅವರೇ, ಈ ಕಲ್ಲು ಮಳೆ ಬಿಸಿಲು ತಿಂದುಕೊಂಡು ಸುಮಾರು ಸಾವಿರ ವರ್ಷ ಕಳೆದಿರಬಹುದು. ಅಷ್ಟರಲ್ಲಿ ಸವೆದಿರೋದು ಎಷ್ಟು ಗೊತ್ತಾ? ನಿಮ್ಮ ಉಗುರಿನಷ್ಟು ದಪ್ಪ ಇದ್ರೆ ಹೆಚ್ಚು. ನಿಮ್ಮ ಮಿಷಿನ್ ಅದನ್ನ ಅರ್ಧ ಗಂಟೇಲಿ ಮಾಡತ್ತೆ."

"ಮತ್ತೆ ಹಿಂಗೇ ಬಿಡಕ್ಕಾಗತ್ತಾ ಮೇಡಂ? ಬಣ್ಣ ಎಲ್ಲಾ ಎದ್ದೋಗಿದೆ ನೋಡಿ."

"ಬಣ್ಣ ತೆಗೀಲೇಬೇಕು. ಬಣ್ಣ ಕಲ್ಲಿನ ಬೆವರು ಹೊರಗೆ ಬಿಡಲ್ಲ. ಒಳಗೆ ತೇವ ನಿಂತು ಮೇಲಿನ ಪದರ ಚಕ್ಕೆ ಎದ್ದು ಬರತ್ತೆ. ಆದ್ರೆ ಕೈಯಲ್ಲಿ ತೆಗೀಬೇಕು, ನಿಧಾನವಾಗಿ. ಕಲ್ಲು ಗೊತ್ತಿರೋ ಕೈ ಬೇಕು."

ಪ್ರಸನ್ನ ಯೋಚಿಸಲೂ ಇಲ್ಲ. "ಕಲ್ಲು ಕುಟ್ಟೋ ಮುನಿಯಕ್ಕ ಇದಾರಲ್ಲ" ಎಂದ.

ಸುದ್ದಿ ಮನೆಗೆ ಬಂದಾಗ ಮುನಿಯಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಮೈ ಸರಿಯಿಲ್ಲ, ಮಂಡಿ ನೋವು, ಕಣ್ಣು ಕಾಣಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದಳು. ಪ್ರಸನ್ನ ಬೇಜಾರಿನಿಂದ, "ಆಯ್ತು ಬಿಡಿ, ಸೋಮವಾರ ಮಿಷಿನ್‌ನೋರ್ಗೆ ಹೇಳ್ತೀನಿ" ಎಂದು ಹೊರಟ.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಬಣ್ಣ ತೆಗೆದರೆ ಬೆಸುಗೆ ಕಾಣುತ್ತದೆ, ಬೀದಿಯೆಲ್ಲ ಕೇಳುತ್ತದೆ. ತೆಗೆಯದಿದ್ದರೆ ಮಿಷಿನ್ ಬರುತ್ತದೆ. ಅದರ ಅದುರಾಟಕ್ಕೆ ಆ ಮೂಲೆ ಮೊದಲು ಹಾರುತ್ತದೆ, ಆಮೇಲೆ ಮುಖ. ಒಂದು ಸಲ ಕೈ ಮುರಿದವಳು ಈಗ ಮುಖವನ್ನೂ ಕಳೆಯಬೇಕೇ? ಭಾನುವಾರ ಬೆಳಿಗ್ಗೆ ಎದ್ದವಳೇ ಅಂಗಡಿಗೆ ಹೋಗಿ, "ಪ್ರಸನ್ನಪ್ಪ, ಆ ಮೇಡಮ್ಮನ್ನ ಬರೇಳು. ನಾನೇ ಮಾಡ್ತೀನಿ" ಎಂದಳು.

ಕೆಲಸಕ್ಕೆ ಹತ್ತು ದಿನ ಹಿಡಿಯಿತು. ಸೀತಾಲಕ್ಷ್ಮಿ ತಂದ ದ್ರಾವಣವನ್ನು ಮಣ್ಣಿನಂಥ ಪುಡಿಯಲ್ಲಿ ಕಲಸಿ ಬಣ್ಣದ ಮೇಲೆ ಮೆತ್ತುವುದು, ಬಟ್ಟೆ ಹೊದಿಸಿ ಬಿಡುವುದು, ನೆಂದ ಬಣ್ಣವನ್ನು ಬಿದಿರಿನ ಚಕ್ಕೆಯಿಂದ ಎಬ್ಬಿಸುವುದು. ಗುಲಾಬಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಕರಿ ಜಿಡ್ಡು. ಇಬ್ಬರೂ ಪಕ್ಕಪಕ್ಕ ಕೂತು ಮಾಡುತ್ತಿದ್ದರು. ಸೀತಾಲಕ್ಷ್ಮಿ ಪಾಠ ಹೇಳುವ ಅಭ್ಯಾಸ ಬಿಟ್ಟವರಲ್ಲ.

"ಇಲ್ಲಿ ಹೊಟ್ಟೆ ಹತ್ರ ನೋಡಿ ಮುನಿಯಕ್ಕ, ಚಕ್ಕೆ ಎದ್ದಿದೆ. ಇದು ಮಳೆ ಮಾಡಿದ್ದಲ್ಲ."

"ದೀಪ" ಎಂದಳು ಮುನಿಯಕ್ಕ. "ಕಲ್ಲಿಗೆ ಒತ್ತಿ ದೀಪ ಇಡ್ತಾರೆ. ಕಾದ ಕಲ್ಲಿಗೆ ತಣ್ಣೀರು ಸುರೀತಾರೆ. ನಮ್ಮಪ್ಪ ಬಂಡೆ ಸೀಳ್ತಿದ್ದದ್ದೇ ಹಂಗೆ, ಬೆಂಕಿ ಹಾಕಿ ನೀರು ಎರಚಿ."

ಸೀತಾಲಕ್ಷ್ಮಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಮೂವತ್ತು ವರ್ಷ ನಾನು ಇದನ್ನ ಬೋರ್ಡ್ ಮೇಲೆ ಬರೆದು ಹೇಳ್ಕೊಟ್ಟೆ. ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ."

ಮುಖದ ಬಣ್ಣ ಹೋದಾಗ ಬೀದಿಯ ಜನ ಬಂದು ನಿಂತು ನೋಡಿದರು. ಮೂಗು ಸವೆದಿತ್ತು, ಹುಬ್ಬು ಅಳಿಸಿದಂತಿತ್ತು, ಆದರೆ ಬಾಯಿಯ ಎಡತುದಿಯಲ್ಲಿ ಸಣ್ಣ ನಗು ಹಾಗೇ ಇತ್ತು. ಗುಲಾಬಿ ಬಣ್ಣದ ಈರಪ್ಪ ಯಾವತ್ತೂ ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಬಲಗೈಯನ್ನು ಮುನಿಯಕ್ಕ ಕೊನೆಗೆ ಉಳಿಸಿಕೊಂಡಳು. ಎಂಟನೆಯ ದಿನ ಅದಕ್ಕೆ ಕೈ ಹಾಕಲೇಬೇಕಾಯಿತು. ಬೆಳ್ಳಿ ಬಣ್ಣ ಎದ್ದಿತು, ಸುಣ್ಣ ಎದ್ದಿತು, ಕೆಳಗೆ ಕಂದು ಗೆರೆಯೊಂದು ಹಾವಿನ ಮರಿಯ ಹಾಗೆ ಕಾಣಿಸಿತು. ಅವಳದೇ ಅರಗು. ಬಿದಿರಿನ ಚಕ್ಕೆ ಕೆಳಗಿಟ್ಟಳು.

"ಅಮ್ಮಾ, ನಿಮ್ಗೊಂದು ಮಾತು ಹೇಳ್ಬೇಕು. ಈ ಕೈ ನಾನು ಮುರ್ದಿದ್ದು."

ಸೀತಾಲಕ್ಷ್ಮಿ ಬ್ರಷ್ ನಿಲ್ಲಿಸಿದರು. ಮುನಿಯಕ್ಕ ಎಲ್ಲವನ್ನೂ ಹೇಳಿದಳು: ಯುಗಾದಿ, ಒಂದು ಪೆಟ್ಟು, ಮಡಿಲು, ಅರಗು. ಗಂಡನ ಕೈಯ ವಿಷಯ ಹೇಳುವಾಗ ದನಿ ತೀರಾ ಸಣ್ಣದಾಯಿತು. ಸೀತಾಲಕ್ಷ್ಮಿ ಭೂತಗನ್ನಡಿ ಇಟ್ಟು ಗೆರೆಯನ್ನು ಬಹಳ ಹೊತ್ತು ನೋಡಿದರು.

"ಬಿಚ್ಚಿ ನೋಡೋಣ. ಹೇಗೂ ಈ ಅರಗು ಇನ್ನು ತಡೆಯಲ್ಲ. ನೀವೇ ಬಿಚ್ಚಿ, ಬೇರೆಯವರು ಕೈ ಹಾಕೋದು ಬೇಡ."

ಪ್ರಸನ್ನನ ಅಂಗಡಿಯಿಂದ ಕೆಟಲಿನಲ್ಲಿ ಬಿಸಿನೀರು ತರಿಸಿ, ಬಟ್ಟೆ ಅದ್ದಿ ಅದ್ದಿ ಗೆರೆಗೆ ಶಾಖ ಕೊಟ್ಟಳು. ಅರಗು ಮೆತ್ತಗಾಯಿತು. ಎರಡೂ ಕೈಯಲ್ಲಿ ಮೂಲೆಯನ್ನು ಹಿಡಿದು ಅಲ್ಲಾಡಿಸಿದಳು. ಅದು ಮೊದಲಿನಂತೆಯೇ ಕಳಚಿ ಬಂತು. ಒಳಮೈಗೆ ಅಂಟಿದ್ದ ಅರಗನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸುತ್ತಾ ಹೋದಳು. ಒರೆಸುತ್ತಾ ಇದ್ದವಳ ಕೈ ನಿಧಾನವಾಯಿತು.

ಆಗಷ್ಟೇ ಒಡೆದ ಕಲ್ಲಿನ ಒಳಮೈ ಹೇಗಿರುತ್ತದೆಂದು ಮುನಿಯಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗುತ್ತದೆ, ಅಂಚು ಬೆರಳು ಕುಯ್ಯುತ್ತದೆ. ನಲವತ್ತು ವರ್ಷ ಮುಚ್ಚಿಟ್ಟರೂ ಅದರ ಹೊಳಪು ಹೋಗುವುದಿಲ್ಲ. ಈಗ ಎದುರಿಗಿದ್ದದ್ದು ಮಂಕು ಕಂದು. ಅಂಚೆಲ್ಲ ದುಂಡಗಾಗಿ ಸವೆದಿತ್ತು. ನಡುವೆ ಚೌಕನೆಯ ಒಂದು ಕುಳಿ. ಅದರಲ್ಲಿ ಕಬ್ಬಿಣದ ತುಕ್ಕು, ಸುತ್ತ ಹಳೇ ಗಾರೆಯ ಪುಡಿ. ಆ ದಿನ ಬೆರಳಿಗೆ ಆ ಕುಳಿ ಸಿಕ್ಕಿದ್ದು ಅವಳಿಗೆ ನೆನಪಾಯಿತು. ನೋಡದೆ, ಅರಗು ತುಂಬಿಬಿಟ್ಟಿದ್ದಳು. ಕಪ್ಪಾಗಿರುವುದೆಲ್ಲ ಎಣ್ಣೆ ಇಳಿದದ್ದು ಎಂದುಕೊಂಡಿದ್ದಳು.

ಹೆಬ್ಬೆರಳಿಗೆ ಎಂಜಲು ಹಚ್ಚಿ ಕಲ್ಲನ್ನು ಉಜ್ಜಿದಳು. ಮತ್ತೆ ಉಜ್ಜಿದಳು.

"ಅಮ್ಮಾ, ಇದು ಹಳೇ ಒಡಕು."

"ನನಗೂ ಹಾಗೇ ಕಾಣ್ತಿದೆ" ಎಂದರು ಸೀತಾಲಕ್ಷ್ಮಿ. "ನೀವೂ ನಾನೂ ಹುಟ್ಟೋಕೆ ಎಷ್ಟೋ ಮುಂಚಿನದು. ನೂರು ವರ್ಷವೋ ಮುನ್ನೂರು ವರ್ಷವೋ ನಾನು ಹೇಳಲಾರೆ. ಇಲ್ಲಿ ನೋಡಿ, ಒಡೆದ ಮೇಲೆ ಎಷ್ಟೋ ಕಾಲ ಹಾಗೇ ಗಾಳಿ ಮಳೆಗೆ ಬಿದ್ದಿತ್ತು, ಅದಕ್ಕೇ ಅಂಚು ಸವೆದಿದೆ. ಆಮೇಲೆ ಯಾರೋ ಮೊಳೆ ಹೊಡೆದು, ಗಾರೆ ಹಾಕಿ ಕೂರಿಸಿದಾರೆ. ಮೊಳೆ ತುಕ್ಕು ಹಿಡಿದು ಗಾರೆ ಬಿಟ್ಟಿದೆ. ಬರೀ ಎಣ್ಣೆ ಜಿಡ್ಡಿನ ಮೇಲೆ ನಿಂತಿತ್ತು ಅನ್ಸತ್ತೆ. ಆ ದಿನ ನೀವು ಆ ಜಿಡ್ಡು ತೆಗೆದ್ರಿ."

"ಹಂಗಾದ್ರೆ ನಾನು ಏನೂ ಮಾಡಿಲ್ವಾ?"

ಸೀತಾಲಕ್ಷ್ಮಿ ಸುಳ್ಳು ಹೇಳುವ ಹೆಂಗಸಲ್ಲ. ಚಪ್ಪಡಿಯ ಬದಿಯಲ್ಲಿ ಒಂದು ಕಡೆ ಬೆರಳಿಟ್ಟರು. ಅಕ್ಕಿಕಾಳಿನಷ್ಟು ಜಾಗದಲ್ಲಿ ಕಲ್ಲು ಬೆಳ್ಳಗೆ ಮಿನುಗುತ್ತಿತ್ತು. "ಇದೊಂದು ನಿಮ್ಮದಿರಬೇಕು."

ಮುನಿಯಕ್ಕ ಬಗ್ಗಿ ನೋಡಿದಳು. "ಹೂಂ. ಇದು ನನ್ನ ಚಾಣದ್ದೇ" ಎಂದಳು. ಎಂದವಳಿಗೆ ನಗು ಬಂತು. ನಗು ನಿಲ್ಲದೆ ಅಳುವಾಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ರಸ್ತೆಯ ಮೇಲೇ ಕೂತುಬಿಟ್ಟಳು. ಸೀತಾಲಕ್ಷ್ಮಿ ಈರಪ್ಪನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅವಳ ಅಳು ಮುಗಿಯುವವರೆಗೆ ಕಾದರು.

ಆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಗಂಡನ ಮುಂದೆ ಕೂತು ಮತ್ತೆ ಮೊದಲಿನಿಂದ ಹೇಳಿದಳು. ಬೈರಣ್ಣ ಮುದ್ದೆ ಮುರಿಯುವುದನ್ನು ಬಿಟ್ಟು ಕೇಳಿದ. ಮುಗಿದ ಮೇಲೂ ತಟ್ಟೆಗೆ ಕೈ ಹಾಕಲಿಲ್ಲ. ಅವಳಿಗೆ ದಿಗಿಲಾಯಿತು.

"ಕ್ವಾಪ ಬಂತಾ?"

"ಬರದೆ ಇನ್ನೇನು. ನಲವತ್ತು ವರ್ಷದಿಂದ ನಿನ್ನ ತಲೇಲಿ ಇದು ಕೊರೀತಿತ್ತು, ನಂಗೊಂದು ಮಾತು ಕೇಳ್ಬಾರ್ದಾಗಿತ್ತಾ? ಆ ಚಪ್ಪಡಿ ಯಾಕೆ ಜಾರ್ತು ಅಂತ ನಂಗೊತ್ತಿಲ್ವಾ?"

"ಯಾಕೆ?"

ಬೈರಣ್ಣ ಎರಡು ಬೆರಳಿನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡ. "ಬೆಳಿಗ್ಗೆ ಮಳೆ ಬಂದಿತ್ತು. ಚಪ್ಪಡಿ ಜಾರ್ದಂಗೆ ಅಡೀಲಿ ಒತ್ತುಗಲ್ಲು ಕೊಡು ಅಂತ ಜೊತೇಲಿದ್ದೋನು ಹೇಳ್ದ. ಇನ್ನೊಂದು ಕಲ್ಲು ಹೊತ್ಕೊಂಡ್ ಬರೋಕೆ ನಂಗೆ ಸೋಮಾರಿತನ. ಹಾರೆ ಹಾಕಿ ಎತ್ತಿಬಿಡ್ತೀನಿ ಅಂತ ಹೋದೆ. ಹಾರೆ ಜಾರ್ತು. ಅಷ್ಟೇ ಕಣಮೇ. ನಿನ್ಗೆ ಹೇಳೋಕೆ ನಾಚ್ಕೆಯಾಗಿ ಹೇಳಿರ್ಲಿಲ್ಲ. ನನ್ನ ಕೊಬ್ಬಿಗೆ ನೀನು ಬೀದಿ ಬೀದಿ ಅಲೀಬೇಕಾಯ್ತಲ್ಲ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದೇ ಸೂರಿನಡಿ ಎರಡು ಗುಟ್ಟು ಇಷ್ಟು ವರ್ಷ ಅಕ್ಕಪಕ್ಕ ಮಲಗಿದ್ದವು.

"ಸಾರು ಆರೋಗ್ತದೆ, ಉಣ್ಣು" ಎಂದ ಬೈರಣ್ಣ. ಮುನಿಯಕ್ಕ ಆ ದಿನ ಎರಡು ಮುದ್ದೆ ಉಂಡಳು. ಉಂಡು ಗೋಡೆ ಪಕ್ಕ ಚಾಪೆ ಹಾಸಿ ಮಲಗಿದವಳು ಸಂಜೆ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಬಿಂದುಶ್ರೀ ಫೋನ್ ಮಾಡಿದಾಗ ಬೈರಣ್ಣ, "ನಿಮ್ಮಮ್ಮ ಮಲಗವ್ಳೆ, ನಾನು ಎಬ್ಬಿಸಲ್ಲ" ಎಂದು ಇಟ್ಟುಬಿಟ್ಟ.

ಸಮಿತಿಗೆ ವಿಷಯ ಹೇಳಿದ್ದು ಮುನಿಯಕ್ಕನೇ. ಇಬ್ಬರು ಹಿರಿಯರು ಮುಖ ಗಂಟಿಕ್ಕಿದರು. ಭಿನ್ನವಾದ ಮೂರ್ತಿಯನ್ನು ಪೂಜೆ ಮಾಡಬಹುದೇ ಎಂದು ಒಬ್ಬರು ಎತ್ತಿದರು. ಪ್ರಸನ್ನ ತಲೆ ಕೆರೆದುಕೊಂಡು, "ಮೇಡಂ ಹೇಳೋ ಪ್ರಕಾರ ನಮ್ಮ ತಾತ, ಮುತ್ತಾತ ಎಲ್ರೂ ಮುರಿದ ಕೈಗೇ ಪೂಜೆ ಮಾಡಿದಾರೆ. ಅವ್ರಿಗೆಲ್ಲ ಒಳ್ಳೇದೇ ಮಾಡಿದಾನಲ್ಲ" ಎಂದ. ಕೊನೆಗೆ ಹಿರಿಯರೂ ಹೂಂ ಎಂದರು. ತುಕ್ಕು ಹಿಡಿಯದ ಉಕ್ಕಿನ ಮೊಳೆ ಇಟ್ಟು, ಸುಣ್ಣದ ಗಾರೆ ಕಲಸಿ, ಮುನಿಯಕ್ಕ ಹಗಲು ಬೆಳಕಿನಲ್ಲಿ ಎಲ್ಲರೆದುರಿಗೆ ಈರಪ್ಪನ ಕೈ ಕೂರಿಸಿದಳು. ಗೆರೆ ಕಾಣುತ್ತಿತ್ತು. ಮುಚ್ಚುವುದು ಬೇಡವೆಂದು ಅವಳೇ ಹೇಳಿದಳು.

ಕ್ರೇನಿನ ಪಟ್ಟಿ ಕಟ್ಟಿ ಚಪ್ಪಡಿಯನ್ನು ಡಾಂಬರಿನಿಂದ ಎತ್ತಿದ ದಿನ ಬೀದಿಯೆಲ್ಲ ನೆರೆದಿತ್ತು. ಕಲ್ಲು ಮೇಲೇರಿತು, ಮಣ್ಣು ಉದುರಿತು. ಮಂಡಿಯ ಕೆಳಗೆ ಸಾಲಾಗಿ ಮೂರು ಹಸುಗಳು. ಅಲ್ಲಿ ಹಸುಗಳಿವೆಯೆಂದು ಈಗಿನವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಎಷ್ಟೋ ಕಾಲ ಹಳೇ ಕಟ್ಟೆಯ ಮಣ್ಣಿನಲ್ಲಿ, ಆಮೇಲೆ ರಸ್ತೆಯ ಕೆಳಗೆ ಮುಚ್ಚಿಕೊಂಡಿದ್ದರಿಂದ ಮಳೆಯೂ ಬಿಸಿಲೂ ಎಣ್ಣೆಯೂ ಅವನ್ನು ಮುಟ್ಟಿರಲಿಲ್ಲ. ಕೊಂಬಿನ ತುದಿ, ಕೊರಳ ಗಂಟೆ, ಬಾಲದ ಕುಚ್ಚು ಎಲ್ಲ ನಿನ್ನೆ ಕಡೆದ ಹಾಗೆ ಇದ್ದವು. ಚಪ್ಪಡಿ ಹೊಸ ಕಟ್ಟೆಯ ಮೇಲೆ ಕೂತ ಮೇಲೆ ಮುನಿಯಕ್ಕ ಹತ್ತಿರ ಹೋಗಿ ಹಸುವಿನ ಬೆನ್ನ ಮೇಲೆ ಬೆರಳಾಡಿಸಿದಳು. ಚಾಣದ ಗುರುತುಗಳು ಒಂದರ ಪಕ್ಕ ಒಂದು ಬೆರಳಿಗೆ ಸಿಕ್ಕವು.

"ಒಳ್ಳೇ ಕೈ" ಎಂದಳು, ಪಕ್ಕದಲ್ಲಿದ್ದ ಸೀತಾಲಕ್ಷ್ಮಿಗೆ. "ಎಲ್ಲೂ ಎರಡನೇ ಪೆಟ್ಟು ಹಾಕಿಲ್ಲ ನೋಡಿ."

ಸೀತಾಲಕ್ಷ್ಮಿ ಅದನ್ನು ಹಾಗೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೆಳಗೆ ಹೇಳಿದವರ ಹೆಸರು ಬರೆಯಲು, "ಮುನಿಯಕ್ಕ ಅಂದ್ರೆ ಪೂರ್ತಿ ಹೆಸರೇನು?" ಎಂದು ಕೇಳಿದರು.

"ಮುನಿಯಮ್ಮ. ಆಧಾರ್ ಕಾರ್ಡಲ್ಲಿ ಹಂಗಿದೆ" ಎಂದಳು ಅವಳು. ಆಮೇಲೆ, ಕಟ್ಟೆಯ ಮೇಲೆ ಕಲ್ಲಿಗೆ ಒತ್ತಿ ದೀಪ ಇಡಲು ಬಗ್ಗಿದ್ದ ಹೆಂಗಸೊಬ್ಬಳ ಹತ್ತಿರ ಹೋಗಿ, ದೀಪವನ್ನು ಎರಡು ಮೊಳ ಈಚೆಗೆ ಇಡಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಮನೆಯ ಕಡೆ ನಡೆದಳು.